ಆಟ ನಿಲ್ಲದೆ ವೇಷ ಬದಲು: ಓಡುತ್ತಿರುವಾಗಲೇ ಬದಲಾಗುವ ಚಿಪ್‌ಗಳ ಕಥೆ

ಈ ಸಂಚಿಕೆಯ ಅಕ್ಷರರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.

ಮಂಗಳೂರಿನ ಅತ್ತಾವರದ ನನ್ನ ಕೋಣೆಯಿಂದ ಮಾತಾಡ್ತಾ ಇದ್ದೇನೆ. ಹಿಂದಿನಿಂದ ಕೇಳಿಸ್ತಿರುವುದು ಸೆಂಟ್ರಲ್ ಸ್ಟೇಷನ್ನಿನ ರೈಲಿನ ಸದ್ದು. ಕಿಟಕಿ ಹಾಕಿದ್ರೂ ಅದು ಬಂದೇ ಬರ್ತದೆ, ಸ್ವಲ್ಪ ಸುಧಾರಿಸ್ಕೊಳ್ಳಿ.

ಇವತ್ತು ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಶುರು ಮಾಡೋಣ. ಹಳೇ ಫೋನಲ್ಲಿ ವಿಡಿಯೋ ನೋಡ್ತಾ ಇದ್ದರೆ ಕೆಲವೊಮ್ಮೆ ಫೋನಿನ ಬೆನ್ನು ಬಿಸಿಯಾಗ್ತದೆ, ಬ್ಯಾಟರಿ ಸರ್ರಂತ ಇಳೀತದೆ. ಅದೇ ವಿಡಿಯೋ ಫ್ರೆಂಡಿನ ಹೊಸ ಫೋನಲ್ಲಿ ತಣ್ಣಗೆ ಓಡ್ತದೆ. ಇದಕ್ಕೆ ಒಂದು ಕಾರಣ ವಿಡಿಯೋದ 'ಭಾಷೆ' ಇರಬಹುದು. 2018ರಲ್ಲಿ ಎವಿ1 ಅನ್ನುವ ಹೊಸ ವಿಡಿಯೋ ಕೋಡೆಕ್ ಬಂತು. ಕಡಿಮೆ ಡೇಟಾದಲ್ಲಿ ಒಳ್ಳೆ ಚಿತ್ರ ಕೊಡುವ ವಿಧಾನ ಅದು. ಅದನ್ನು ಬಿಡಿಸಲಿಕ್ಕೆ ಚಿಪ್‌ನೊಳಗೇ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಆ ಭಾರವೆಲ್ಲ ಪ್ರೊಸೆಸರ್ ತಲೆ ಮೇಲೆ. ಸ್ನಾಪ್‌ಡ್ರಾಗನ್ ಚಿಪ್‌ಗಳಿಗೆ ಈ ಸರ್ಕ್ಯೂಟ್ ಬಂದದ್ದು 2022ರ ಕೊನೆಗೆ, 8 ಜೆನ್ 2ರಲ್ಲಿ. ಐಫೋನಿಗೆ ಬಂದದ್ದು 2023ರಲ್ಲಿ, 15 ಪ್ರೊದಲ್ಲಿ.

ಅಂದರೆ ನಿಮ್ಮ ಫೋನಿಗೆ ಎಷ್ಟು ಅಪ್‌ಡೇಟ್ ಬಂದ್ರೂ ಅದು ಸಾಫ್ಟ್‌ವೇರಿನ ಅಪ್‌ಡೇಟ್. ಸಿಲಿಕಾನ್ ಮೇಲೆ ಕೊರೆದ ಸರ್ಕ್ಯೂಟ್ ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರ್ತದೆ.

ಹಾಗಾದ್ರೆ ಸರ್ಕ್ಯೂಟನ್ನೇ ಬದಲಿಸಬಹುದಾದ ಚಿಪ್ ಇಲ್ವಾ? ಉಂಟು, ಸುಮಾರು 40 ವರ್ಷದಿಂದ ಉಂಟು. ಅಷ್ಟೇ ಅಲ್ಲ, ಚಿಪ್‌ನ ಒಂದು ಭಾಗ ಕೆಲಸ ಮಾಡ್ತಾ ಇರುವಾಗಲೇ ಇನ್ನೊಂದು ಭಾಗವನ್ನು ಕಳಚಿ ಬೇರೆ ಸರ್ಕ್ಯೂಟ್ ಕೂರಿಸಬಹುದು. ಇಂಗ್ಲಿಷಲ್ಲಿ ಇದಕ್ಕೆ ರನ್‌ಟೈಮ್ ಪಾರ್ಷಿಯಲ್ ರೀಕಾನ್ಫಿಗರೇಷನ್ ಅಂತಾರೆ. ಹೆಸರು ಉದ್ದ, ವಿಷಯ ಸರಳ. ಇದರ ಜೊತೆ ನಾನು ಮತ್ತು ನನ್ನ ರೂಮ್‌ಮೇಟ್ ಇದೇ ಅತ್ತಾವರದಲ್ಲಿ ಗುದ್ದಾಡಿದ ಕಥೆಯನ್ನೂ ಹೇಳ್ತೇನೆ.

ಕೋಷ್ಟಕವೇ ಸರ್ಕ್ಯೂಟ್

ಈ ಚಿಪ್‌ನ ಹೆಸರು ಎಫ್‌ಪಿಜಿಎ. ಪೂರ್ತಿ ಹೇಳಿದ್ರೆ ಫೀಲ್ಡ್ ಪ್ರೋಗ್ರಾಮಬಲ್ ಗೇಟ್ ಅರೇ. ಫ್ಯಾಕ್ಟರಿಯಲ್ಲಿ ಅಲ್ಲ, ಬಳಸುವ ಜಾಗದಲ್ಲೇ ನಾವು ರೂಪ ಕೊಡಬಹುದಾದ ಚಿಪ್ ಅಂತ ಅರ್ಥ.

ಒಳಗೆ ಏನಿರ್ತದೆ? ಒಂದು ಉದಾಹರಣೆ ತಗೊಳ್ಳಿ. ನಿಮ್ಮ ಬೈಕ್‌ನ ಸೈಡ್ ಸ್ಟ್ಯಾಂಡ್ ಮೇಲಿದೆಯಾ, ಕ್ಲಚ್ ಒತ್ತಿದ್ದೀರಾ, ಇವು ಎರಡು ಪ್ರಶ್ನೆ. ಎರಡಕ್ಕೂ ಹೌದು ಅಂತಾದ್ರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗಬೇಕು ಅಂತ ಇಟ್ಟುಕೊಳ್ಳಿ. ಇದನ್ನು ನಾಲ್ಕು ಸಾಲಿನ ಕೋಷ್ಟಕದಲ್ಲಿ ಬರೆಯಬಹುದು: ಹೌದು-ಹೌದು, ಹೌದು-ಇಲ್ಲ, ಇಲ್ಲ-ಹೌದು, ಇಲ್ಲ-ಇಲ್ಲ. ಮೊದಲ ಸಾಲಿನ ಎದುರು 1, ಉಳಿದ ಮೂರರ ಎದುರು 0. ಈಗ ಆ ಉತ್ತರಗಳನ್ನು ಅಳಿಸಿ ಮೂರು ಸಾಲಿಗೆ 1, ಕೊನೆಯದಕ್ಕೆ 0 ಬರೆಯಿರಿ. 'ಎರಡೂ ಇರಬೇಕು' ಅನ್ನುವ ಸರ್ಕ್ಯೂಟ್ 'ಯಾವುದಾದರೂ ಒಂದಿದ್ರೆ ಸಾಕು' ಅನ್ನುವ ಸರ್ಕ್ಯೂಟ್ ಆಯ್ತು. ತಂತಿ ಮುಟ್ಟಲಿಲ್ಲ, ಬೆಸುಗೆ ಹಾಕಲಿಲ್ಲ. ಬದಲಾದದ್ದು ಉತ್ತರದ ಪಟ್ಟಿ ಮಾತ್ರ.

ಎಫ್‌ಪಿಜಿಎ ಅಂದರೆ ಇಂಥ ಸಾವಿರಾರು ಪುಟ್ಟ ಕೋಷ್ಟಕಗಳು. ಇವಕ್ಕೆ ಲುಕ್‌ಅಪ್ ಟೇಬಲ್ ಅಂತಾರೆ. ಅವುಗಳ ನಡುವೆ ತಂತಿಗಳ ಜಾಲ, ಆ ತಂತಿಗಳನ್ನು ಎಲ್ಲಿ ಸೇರಿಸಬೇಕು, ಎಲ್ಲಿ ಬಿಡಿಸಬೇಕು ಅಂತ ಹೇಳುವ ಸ್ವಿಚ್‌ಗಳು. ಕೋಷ್ಟಕದ ಉತ್ತರಗಳು, ಸ್ವಿಚ್‌ಗಳ ಸ್ಥಿತಿ ಎಲ್ಲ ಸೇರಿ 0 ಮತ್ತು 1ರ ಒಂದು ಉದ್ದದ ಫೈಲ್. ಅದೇ ಬಿಟ್‌ಸ್ಟ್ರೀಮ್. ಹೆಚ್ಚಿನ ಎಫ್‌ಪಿಜಿಎಗಳಲ್ಲಿ ಇದು ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ ಕೂತಿರ್ತದೆ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ಚಿಪ್ ಖಾಲಿ ಸ್ಲೇಟು. ಬಿಟ್‌ಸ್ಟ್ರೀಮ್ ಸುರಿದ ಮೇಲೆಯೇ ಅದು ಯಾರು ಅಂತ ಅದಕ್ಕೆ ಗೊತ್ತಾಗುವುದು.

ಈ ಕಲ್ಪನೆ ಚಿಪ್‌ಗಿಂತಲೂ ಹಳೆಯದು. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಜೆರಾಲ್ಡ್ ಎಸ್ಟ್ರಿನ್ 1960ರಲ್ಲೇ ಒಂದು ಸ್ಥಿರ ಭಾಗ ಮತ್ತು ಒಂದು ಬದಲಾಗುವ ಭಾಗ ಇರುವ ಕಂಪ್ಯೂಟರಿನ ಪ್ರಸ್ತಾಪ ಇಟ್ಟಿದ್ದರು. 1984ರಲ್ಲಿ ಜೈಲಿಂಕ್ಸ್ ಕಂಪನಿ ಶುರುವಾಯ್ತು. ಮರುವರ್ಷ ಬಂದ ಅವರ ಮೊದಲ ಎಫ್‌ಪಿಜಿಎ ಎಕ್ಸ್‌ಸಿ2064ರಲ್ಲಿ ಇದ್ದದ್ದು ಬರೇ 64 ಲಾಜಿಕ್ ಬ್ಲಾಕ್. 1990ರ ದಶಕದ ನಡುವಿಗೆ ಬಂದ ಅವರದೇ ಎಕ್ಸ್‌ಸಿ6200 ಸರಣಿಯಲ್ಲಿ ಚಿಪ್‌ನ ಒಂದು ಭಾಗವನ್ನಷ್ಟೇ ಹೊಸದಾಗಿ ಬರೆಯಬಹುದಿತ್ತು. ನಮ್ಮ ಕಥೆಯ ಚಿಪ್ ಇವುಗಳ ಮೊಮ್ಮಗ ಅನ್ನಿ.

ಅತ್ತಾವರದ ರೂಮು, ಹ್ಯಾಂಗ್ ಆದ ಬೋರ್ಡು

2019. ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಬಾಬುಗುಡ್ಡೆ ಕಡೆ ನಮ್ಮ ಪಿಜಿ, ಮೂರನೇ ಮಾಳಿಗೆ. ಏಪ್ರಿಲ್-ಮೇ ತಿಂಗಳ ಮಂಗಳೂರಿನ ಸೆಕೆ ಗೊತ್ತಲ್ಲ, ಫ್ಯಾನಿನಿಂದಲೂ ಬಿಸಿ ಗಾಳಿಯೇ. ಮೇಜಿನ ಮೇಲೆ ಒಂದು ಪಿಂಕ್-ಝಡ್2 ಬೋರ್ಡು, ಕಾಲೇಜ್ ಲ್ಯಾಬಿನಿಂದ ಸಹಿ ಹಾಕಿ ತಂದದ್ದು. ಅದರ ಮೇಲೆ ಜಿಂಕ್ 7020 ಚಿಪ್: ಎರಡು ಕೋರಿನ ಒಂದು ಆರ್ಮ್ ಪ್ರೊಸೆಸರ್, ಪಕ್ಕದಲ್ಲೇ 53,200 ಲುಕ್‌ಅಪ್ ಟೇಬಲ್‌ಗಳ ಎಫ್‌ಪಿಜಿಎ. ಒಂದೊಂದು ಟೇಬಲ್ಲಿಗೂ 6 ಪ್ರಶ್ನೆ, ಅಂದರೆ 64 ಸಾಲು.

ಪ್ರಾಜೆಕ್ಟ್ ಹೀಗಿತ್ತು. ಲ್ಯಾಪ್‌ಟಾಪಿನಿಂದ ವಿಡಿಯೋ ಎಚ್‌ಡಿಎಂಐ ಕೇಬಲ್ಲಿನಲ್ಲಿ ಬೋರ್ಡಿಗೆ ಬರ್ತದೆ, ಒಳಗೆ ಒಂದು ಫಿಲ್ಟರ್ ದಾಟಿ ಮಾನಿಟರಿಗೆ ಹೋಗ್ತದೆ. ಫಿಲ್ಟರ್ ಮೂರು ಬಗೆ: ಚಿತ್ರದ ಅಂಚುಗಳನ್ನು ಎತ್ತಿ ತೋರಿಸುವುದು ಒಂದು, ಮಬ್ಬು ಮಾಡುವುದು ಒಂದು, ಕಪ್ಪು-ಬಿಳುಪು ಮಾಡುವುದು ಒಂದು. ಮೂರನ್ನೂ ಒಟ್ಟಿಗೆ ಇಡಬಾರದು, ಒಂದೇ ಜಾಗದಲ್ಲಿ ಒಂದಾದ ಮೇಲೆ ಒಂದನ್ನು ಕೂರಿಸಬೇಕು. ಆಗ ವಿಡಿಯೋ ನಿಲ್ಲಬಾರದು.

ನನ್ನ ರೂಮ್‌ಮೇಟ್ ಪುತ್ತೂರು ಕಡೆಯವ. ಅಪ್ಪನಿಗೆ ಒಂದಿಷ್ಟು ಅಡಿಕೆ ತೋಟ, ಮೇಲೆ ಎಜುಕೇಷನ್ ಲೋನು. ಅವನ ಕೈಯಲ್ಲಿ ಕೆಲಸದ ಆಫರ್ ಇತ್ತು, ಆದರೆ ಯಾವುದೂ ಬಾಕಿ ಇರಬಾರದು ಅನ್ನುವ ಷರತ್ತಿನ ಮೇಲೆ. ಪ್ರಾಜೆಕ್ಟ್ ಹೋದರೆ ಆಫರೂ ಹೋಯ್ತು.

ವೈವಾಕ್ಕೆ ಒಂಬತ್ತು ದಿನ ಇರುವಾಗ ಮೊದಲ ಸಲ ಓಡಿಸಿದೆವು. ಅಂಚಿನ ಫಿಲ್ಟರ್ ಚಂದ ಬಂತು. ಬದಲಿಸುವ ಕಮಾಂಡ್ ಕೊಟ್ಟೆ. ಬೋರ್ಡ್ ಸತ್ತೇ ಹೋಯ್ತು. ಚಿತ್ರ ಹೋಯ್ತು, ಪ್ರೊಸೆಸರೂ ಉತ್ತರ ಕೊಡಲಿಲ್ಲ. ಕರೆಂಟ್ ತೆಗೆದು ಮತ್ತೆ ಹಾಕಬೇಕಾಯ್ತು. ಮತ್ತೆ ಮಾಡಿದೆ, ಮತ್ತೆ ಅದೇ. ಮೂರು ರಾತ್ರಿ ಹೀಗೇ ಕಳೆಯಿತು.

ಮೂರನೇ ರಾತ್ರಿ ಅವನು ಮೆಲ್ಲ ಹೇಳಿದ, "ರೆಡಿಮೇಡ್ ಪ್ರಾಜೆಕ್ಟ್ ಸಿಗ್ತದಂತೆ ಮಾರಾಯ. ರಿಪೋರ್ಟ್ ಸಮೇತ ಕೊಡ್ತಾರಂತೆ. ನಾನು ವಿಚಾರಿಸ್ಲಾ?" ನನಗೆ ಸಿಟ್ಟು ಬಂತು. ಆದರೆ ಬೈಯುವ ಹಕ್ಕು ನನಗಿರಲಿಲ್ಲ. ನನ್ನ ಮನೆಯಲ್ಲಿ ಲೋನ್ ಇರಲಿಲ್ಲ. "ಎರಡು ದಿನ ಕೊಡು" ಅಂದೆ.

ಚೌಕಿಯಲ್ಲಿರುವವನನ್ನು ಮಾತಾಡಿಸಬೇಡಿ

ಏನು ತಪ್ಪಾಗಿತ್ತು ಅಂತ ಈಗ ಹೇಳುವುದು ಸುಲಭ. ಪ್ರೊಸೆಸರ್ ಆಗಾಗ ಫಿಲ್ಟರನ್ನು "ಹೇಗಿದ್ದೀ, ಕೆಲಸ ಮುಗೀತಾ?" ಅಂತ ಕೇಳುವ ಹಾಗೆ ನಾನೇ ಬರೆದಿದ್ದೆ. ಕೇಳಿದ್ದಕ್ಕೆ ಉತ್ತರ ಬರುವ ತನಕ ಅದು ಕಾಯ್ತದೆ, ಅದು ಆ ದಾರಿಯ ನಿಯಮ. ಫಿಲ್ಟರ್ ಬದಲಾಗುವ ಹೊತ್ತಿಗೆ ಸರಿಯಾಗಿ ಪ್ರಶ್ನೆ ಹೋದರೆ ಉತ್ತರ ಕೊಡಬೇಕಾದವನೇ ಅಲ್ಲಿಲ್ಲ. ಪ್ರೊಸೆಸರ್ ಕಾಯ್ತಾ ಕಾಯ್ತಾ ಅಲ್ಲೇ ಕಲ್ಲಾಯ್ತು. ಇನ್ನೊಂದು ಕಡೆ, ಅರ್ಧ ಬರೆದ ಸರ್ಕ್ಯೂಟಿನಿಂದ ಅರ್ಥವಿಲ್ಲದ 0-1ಗಳು ಹೊರಗೆ ಚೆಲ್ಲಿ ವಿಡಿಯೋ ದಾರಿಯನ್ನೂ ಕೆಡಿಸಿದವು.

ಇದು ಗೊತ್ತಾದದ್ದು ಪುಸ್ತಕದಿಂದ ಅಲ್ಲ, ರೂಮ್‌ಮೇಟಿನಿಂದ. ಅವನ ಮಾವ ಮೇಳದಲ್ಲಿ ಮದ್ದಳೆಯವರು. ಸಣ್ಣವನಿರುವಾಗ ರಜೆಯಲ್ಲಿ ಅವರ ಜೊತೆ ಹೋಗಿ ರಂಗಸ್ಥಳದಲ್ಲಿ ತೆರೆ ಹಿಡಿದವ ಅವನು. ನಾನು ಬಿಳಿ ಹಲಗೆ ಮೇಲೆ ಬಾಣದ ಗುರುತು ಹಾಕಿ ಹಾಕಿ ವಿವರಿಸ್ತಾ ಇದ್ದೆ. ಅವನು ಸ್ವಲ್ಪ ಹೊತ್ತು ನೋಡಿ ಹೇಳಿದ, "ಅಲ್ಲ ಮಾರಾಯ, ವೇಷ ಕಟ್ತಾ ಇರುವವನ ಹತ್ರ ಚೌಕಿಗೆ ಹೋಗಿ ಯಾರಾದ್ರೂ ಅರ್ಥ ಹೇಳು ಅಂತಾರಾ? ತೆರೆ ಹಿಡೀಬೇಕಲ್ವಾ?"

ಯಕ್ಷಗಾನ ನೋಡಿದವರಿಗೆ ಇಲ್ಲಿಗೆ ಅರ್ಧ ಪಾಠ ಮುಗೀತು. ನೋಡದವರಿಗೆ ಬಿಡಿಸಿ ಹೇಳ್ತೇನೆ. ಆಟದಲ್ಲಿ ಎರಡು ಪಾಲು. ಹಿಂದೆ ಹಿಮ್ಮೇಳ: ಜಾಗಟೆ ಹಿಡಿದ ಭಾಗವತರು, ಚೆಂಡೆ, ಮದ್ದಳೆ. ಇವರು ಕೂತ ಜಾಗ ಬಿಡುವುದಿಲ್ಲ, ತಾಳ ತಪ್ಪುವುದಿಲ್ಲ. ಎದುರು ಮುಮ್ಮೇಳ: ವೇಷಗಳು ಬರ್ತವೆ, ಕುಣೀತವೆ, ಹೋಗ್ತವೆ. ಬಣ್ಣ ಹಚ್ಚುವುದು, ಕಿರೀಟ ಕಟ್ಟುವುದು ಎಲ್ಲ ಚೌಕಿಯಲ್ಲಿ. ಒಬ್ಬನೇ ಕಲಾವಿದ ಒಂದು ರಾತ್ರಿಯಲ್ಲಿ ಎರಡು ಪಾತ್ರ ಮಾಡುವುದೂ ಉಂಟು. ಆದರೆ ಅವನು ವೇಷ ಬದಲಿಸ್ತಾನೆ ಅಂತ ಆಟ ನಿಲ್ಲುವುದಿಲ್ಲ.

ಚಿಪ್‌ನೊಳಗೆ ಇದೇ ವ್ಯವಸ್ಥೆ. ಗಡಿಯಾರದ ಸಿಗ್ನಲ್, ಹೊರಗಿನ ಕೇಬಲ್ಲಿಗೆ ಹೋಗುವ ದಾರಿ, ಮೆಮೊರಿಗೆ ಹೋಗುವ ದಾರಿ, ಇವೆಲ್ಲ ಸ್ಥಿರ ಭಾಗ, ಅಂದರೆ ಹಿಮ್ಮೇಳ. ನಮ್ಮ ಬೋರ್ಡಿನ ತಲೆಮಾರಿನ ಚಿಪ್‌ಗಳಲ್ಲಂತೂ ಗಡಿಯಾರದ ಮೂಲವನ್ನು ಬದಲಾಗುವ ಭಾಗದಲ್ಲಿ ಇಡಲಿಕ್ಕೇ ಬಿಡುವುದಿಲ್ಲ. ತಾಳ ಹಿಡಿಯುವವರು ವೇಷ ಕಟ್ಟಲಿಕ್ಕೆ ಎದ್ದು ಹೋಗುವ ಹಾಗಿಲ್ಲ ಅಲ್ವಾ, ಹಾಗೆ. ಫಿಲ್ಟರ್ ಕೂರುವ ಚೌಕಟ್ಟು ಬದಲಾಗುವ ಭಾಗ, ಅದು ಮುಮ್ಮೇಳ. ಮೂರು ಫಿಲ್ಟರಿನ ಫೈಲುಗಳು ಕಾಯ್ತಾ ಇರುವ ಮೆಮೊರಿ ಕಾರ್ಡು ಚೌಕಿ. ಎರಡರ ನಡುವೆ ನಾವು ಹಾಕದೇ ಬಿಟ್ಟದ್ದು ತೆರೆ.

ಆ ತೆರೆಗೆ ಡಿಕಪ್ಲರ್ ಅಂತಾರೆ. ಸಣ್ಣ ಸರ್ಕ್ಯೂಟ್, ಸ್ಥಿರ ಭಾಗದಲ್ಲಿ ಇರ್ತದೆ. ಬದಲಾವಣೆ ಶುರುವಾಗುವ ಮೊದಲು ಅದಕ್ಕೆ ಒಂದು ಸೂಚನೆ ಕೊಟ್ಟರೆ ಬಾಗಿಲು ಮುಚ್ತದೆ. ಒಳಗಿನ ಕಸ ಹೊರಗೆ ಬರುವುದಿಲ್ಲ. ನಾವು ಅದರ ಜೊತೆ ಇನ್ನೊಂದು ಸಣ್ಣ ತುಂಡನ್ನೂ ಸ್ಥಿರ ಭಾಗದಲ್ಲಿ ಇಟ್ಟೆವು: ಹೊರಗಿನಿಂದ ಬಂದ ಪ್ರಶ್ನೆಗೆ ತೆರೆಯೇ "ಈಗ ಆಗುವುದಿಲ್ಲ" ಅಂತ ಉತ್ತರ ಕೊಡ್ತದೆ, ಹಾಗಾಗಿ ಯಾರೂ ಕಾಯ್ತಾ ಕೂರುವುದಿಲ್ಲ. ಆ ಹೊತ್ತಿಗೆ ವಿಡಿಯೋ ಫಿಲ್ಟರಿಲ್ಲದೆ ನೇರ ಹೋಗುವ ಹಾಗೆ ಒಂದು ಬದಿ ದಾರಿಯನ್ನೂ ಕೊಟ್ಟೆವು. ಬರೆದು ಮುಗಿದ ಮೇಲೆ ಹೊಸ ಸರ್ಕ್ಯೂಟಿಗೆ ರೀಸೆಟ್ ಕೊಡಬೇಕು, ಯಾಕಂದ್ರೆ ಹೊಸ ವೇಷಕ್ಕೆ ಹಳೆಯ ವೇಷ ಎಲ್ಲಿಗೆ ನಿಲ್ಲಿಸಿತ್ತು ಅನ್ನುವ ನೆನಪಿಲ್ಲ. ಅದು ಮೊದಲಿನಿಂದಲೇ ಶುರು ಮಾಡಬೇಕು. ನೆನಪು ಬೇಕಿದ್ದರೆ ಸ್ಥಿರ ಭಾಗದ ಮೆಮೊರಿಯಲ್ಲಿ ಮೊದಲೇ ಬರೆದಿಡಬೇಕು. ರೀಸೆಟ್ ಆದ ಮೇಲೆ ತೆರೆ ತೆಗೆಯುವುದು.

ಮುಚ್ಚು, ಬದಲಿಸು, ರೀಸೆಟ್ ಮಾಡು, ತೆಗೆ. ನಾಲ್ಕೇ ಹೆಜ್ಜೆ. ನಾಲ್ಕನೇ ರಾತ್ರಿ ಎರಡೂವರೆಗೆ ಫಿಲ್ಟರ್ ಬದಲಾಯ್ತು, ವಿಡಿಯೋ ನಿಲ್ಲಲಿಲ್ಲ. ಅವನು ಮಂಚದ ಮೇಲೆ ನಿಂತು ಒಂದು ಸುತ್ತು ಧೀಂಗಿಣ ಹಾಕಿದ. ಕೆಳಗಿನ ಮಾಳಿಗೆಯವರು ಬಂದು ಬಾಗಿಲು ಬಡಿದರು.

ಎಷ್ಟು ಹೊತ್ತು ಬೇಕು?

ಈಗ ಸ್ವಲ್ಪ ಲೆಕ್ಕ. ನಮ್ಮ ಚಿಪ್‌ನ ಪೂರ್ತಿ ಬಿಟ್‌ಸ್ಟ್ರೀಮ್ ಸುಮಾರು 40 ಲಕ್ಷ ಬೈಟ್. ಪ್ರೊಸೆಸರ್ ಕಡೆಯಿಂದ ಬರೆಯುವ ದಾರಿಯಲ್ಲಿ ಪ್ರಾಯೋಗಿಕವಾಗಿ ಸೆಕೆಂಡಿಗೆ ಸುಮಾರು 14.5 ಕೋಟಿ ಬೈಟ್ ಸಾಗ್ತದೆ. ಪೂರ್ತಿ ಚಿಪ್ ಬರೆಯಲಿಕ್ಕೆ 28 ಮಿಲಿಸೆಕೆಂಡ್ ಹತ್ತಿರ. ಅಷ್ಟೇ ತಾನೇ, ಪೂರ್ತಿಯೇ ಬರೆಯಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಪೂರ್ತಿ ಬರೆದರೆ ಎಚ್‌ಡಿಎಂಐ ಸರ್ಕ್ಯೂಟೂ ಅಳಿಸಿಹೋಗ್ತದೆ. ಮಾನಿಟರ್ "ಸಿಗ್ನಲ್ ಇಲ್ಲ" ಅಂತ ಕಪ್ಪಾಗಿ, ಮತ್ತೆ ಕಣ್ಣು ಬಿಡಲಿಕ್ಕೆ ಸೆಕೆಂಡುಗಳೇ ಬೇಕು.

ಚಿಪ್‌ನ ಹತ್ತನೇ ಒಂದು ಭಾಗವನ್ನಷ್ಟೇ ಬರೆದರೆ ಫೈಲ್ 4 ಲಕ್ಷ ಬೈಟ್, ಸಮಯ 3 ಮಿಲಿಸೆಕೆಂಡಿಗಿಂತ ಕಡಿಮೆ. ಸೆಕೆಂಡಿಗೆ 60 ಚಿತ್ರ ಓಡುವ ವಿಡಿಯೋದಲ್ಲಿ ಒಂದು ಚಿತ್ರದ ಆಯಸ್ಸು 16.7 ಮಿಲಿಸೆಕೆಂಡ್. ಹಾಗಾಗಿ ಒಂದು ಚಿತ್ರ ಮುಗಿಯುವುದರೊಳಗೆ ಸರ್ಕ್ಯೂಟೇ ಬದಲು.

ಇದು ಸಾಧ್ಯವಾಗುವುದು ಹೇಗೆ? ಚಿಪ್‌ನ ಈ ಸಂರಚನಾ ಮೆಮೊರಿ ಒಂದೇ ದೊಡ್ಡ ಹಾಳೆ ಅಲ್ಲ. ಫ್ರೇಮ್ ಅನ್ನುವ ಪಟ್ಟಿಗಳಾಗಿ ಹಂಚಿಹೋಗಿದೆ. ನಮ್ಮ ಸರಣಿಯ ಚಿಪ್‌ಗಳಲ್ಲಿ ಒಂದು ಫ್ರೇಮ್ ಅಂದರೆ 3,232 ಬಿಟ್. ಪ್ರತಿ ಫ್ರೇಮಿಗೂ ವಿಳಾಸ ಉಂಟು. ಭಾಗಶಃ ಬಿಟ್‌ಸ್ಟ್ರೀಮ್ ಅಂದರೆ "ಈ ವಿಳಾಸಗಳಿಗೆ ಮಾತ್ರ ಇದನ್ನು ಬರೆ" ಅನ್ನುವ ಪತ್ರ. ಉಳಿದ ಮನೆಗಳಿಗೆ ಅಂಚೆಯವನು ಹೋಗುವುದೇ ಇಲ್ಲ.

ಆದರೆ ಒಂದು ಕಟ್ಟುನಿಟ್ಟು ಉಂಟು. ಬದಲಾಗುವ ಚೌಕಟ್ಟಿನ ಬಾಗಿಲು ಎಲ್ಲಿರಬೇಕು, ಎಷ್ಟು ತಂತಿ ಒಳಗೆ ಹೋಗಬೇಕು, ಎಷ್ಟು ಹೊರಗೆ ಬರಬೇಕು ಅನ್ನುವುದು ಮೊದಲೇ ನಿಗದಿ. ಮೂರೂ ಫಿಲ್ಟರ್ ಅದೇ ಬಾಗಿಲಿಗೆ ಒಗ್ಗಬೇಕು. ಸ್ಥಿರ ಭಾಗವನ್ನು ಎಲ್ಲಾದರೂ ಚೂರು ತಿದ್ದಿ ಹೊಸದಾಗಿ ತಯಾರಿಸಿದರೆ ಹಳೆಯ ಭಾಗಶಃ ಫೈಲುಗಳೆಲ್ಲ ರದ್ದಿ.

ನಾವು ಇದನ್ನೂ ಪೆಟ್ಟು ತಿಂದೇ ಕಲಿತದ್ದು. ವೈವಾಕ್ಕೆ ಎರಡು ದಿನ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಸೆಕೆಂಡ್ ಎಣಿಕೆ ಕಾಣುವ ಹಾಗೆ ಸ್ಥಿರ ಭಾಗಕ್ಕೆ ಸೇರಿಸಿದೆ. ಮಬ್ಬು ಫಿಲ್ಟರಿನ ಫೈಲ್ ಮಾತ್ರ ಹಳೆಯದೇ ಉಳಿದಿತ್ತು. ಹಾಕಿದ ಕೂಡಲೇ ಪರದೆ ತುಂಬ ಬಣ್ಣದ ಗೆರೆ. ಎಲ್ಲ ಫೈಲುಗಳೂ ಒಂದೇ ಸ್ಥಿರ ಭಾಗಕ್ಕೆ ಸೇರಿದವಾ ಅಂತ ಪರೀಕ್ಷಿಸುವ ಪಿಆರ್ ವೆರಿಫೈ ಅನ್ನುವ ಕಮಾಂಡ್ ಉಂಟು. ನಾನು ಅದನ್ನು ಓಡಿಸಿರಲಿಲ್ಲ. ತಪ್ಪು ನನ್ನದೇ, ಬೋರ್ಡಿನದ್ದಲ್ಲ.

ಪಿಜಿ ರೂಮಿನಿಂದ ಆಚೆ

ನಮ್ಮದು ಮಕ್ಕಳಾಟ. ದೊಡ್ಡ ಮಟ್ಟದಲ್ಲಿ ಇದನ್ನು ಎಲ್ಲಿ ಬಳಸ್ತಾರೆ?

ಮೊದಲು ಕ್ಲೌಡ್. 2016ರಲ್ಲಿ ಅಮೆಜಾನ್ ಎಫ್1 ಅನ್ನುವ ಸೇವೆ ಘೋಷಿಸಿತು: ಎಫ್‌ಪಿಜಿಎ ಇರುವ ಸರ್ವರ್ ಬಾಡಿಗೆಗೆ. ಬಾಡಿಗೆದಾರ ತನ್ನ ಸರ್ಕ್ಯೂಟ್ ಹಾಕಬೇಕು, ಆದರೆ ಅಮೆಜಾನ್‌ನ ಸರ್ವರಿಗೆ ಹೋಗುವ ದಾರಿ ಅವನ ಕೈಗೆ ಸಿಗಬಾರದು. ಹಾಗಾಗಿ ಶೆಲ್ ಅನ್ನುವ ಸ್ಥಿರ ಭಾಗ ಅಮೆಜಾನ್‌ನದ್ದು, ನಡುವಿನ ಜಾಗ ಮಾತ್ರ ಬಾಡಿಗೆದಾರನದ್ದು. ಇಲ್ಲಿ ತೆರೆ ಬರೇ ಅನುಕೂಲ ಅಲ್ಲ, ಅದು ಕಾವಲು.

ಎರಡನೆಯದು ಬಾಹ್ಯಾಕಾಶ. ಅಲ್ಲಿ ವಿಕಿರಣದ ಒಂದು ಕಣ ಬಡಿದರೆ ಮೆಮೊರಿಯ 0 ಹೋಗಿ 1 ಆಗಬಹುದು. ಎಫ್‌ಪಿಜಿಎಯಲ್ಲಿ ಮೆಮೊರಿ ಅಂದರೇ ಸರ್ಕ್ಯೂಟ್, ಅಂದರೆ ಸರ್ಕ್ಯೂಟೇ ಕೆಟ್ಟ ಹಾಗೆ. ಅದಕ್ಕೆ ಓಡ್ತಾ ಇರುವಾಗಲೇ ಫ್ರೇಮುಗಳನ್ನು ಓದಿ ನೋಡಿ, ಕೆಟ್ಟದ್ದನ್ನು ಅಲ್ಲೇ ಸರಿಯಾಗಿ ಬರೆಯುತ್ತಾರೆ. ಸ್ಕ್ರಬ್ಬಿಂಗ್ ಅಂತ ಹೆಸರು. ವೇಷ ಬದಲಿಸುವ ದಾರಿಯೇ ಇಲ್ಲಿ ಚಿಕಿತ್ಸೆಯ ದಾರಿ. ಇನ್ನು 2021ರ ಫೆಬ್ರವರಿ 18ರಂದು ಮಂಗಳದಲ್ಲಿ ಇಳಿದ ನಾಸಾದ ಪರ್ಸಿವರೆನ್ಸ್ ರೋವರ್. ಇಳಿಯುವಾಗ ನೆಲದ ಚಿತ್ರವನ್ನು ನಕ್ಷೆಯ ಜೊತೆ ಹೋಲಿಸಿ ದಾರಿ ಹುಡುಕಲು ನೆರವಾದ ಎಫ್‌ಪಿಜಿಎಯನ್ನು, ಇಳಿದ ಮೇಲೆ ಓಡಾಟಕ್ಕೆ ಬೇಕಾದ ಚಿತ್ರಗಳ ಕೆಲಸಕ್ಕೆ ಹೊಸದಾಗಿ ಪ್ರೋಗ್ರಾಂ ಮಾಡಿದರು. ಇಳಿಯುವುದು ಒಂದೇ ಸಲ. ಆ ಕೆಲಸಕ್ಕೇ ಅಂತ ಒಂದು ಚಿಪ್ ಹೊತ್ತೊಯ್ದು ಆಮೇಲೆ ಸುಮ್ಮನೆ ಕೂರಿಸುವ ಬದಲು ಅದಕ್ಕೇ ಬೇರೆ ವೇಷ ಕಟ್ಟಿದರು.

ನಮ್ಮ ಕರ್ನಾಟಕಕ್ಕೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್.ಕೆ. ನಂದಿ ಅವರ ತಂಡ, ಅಲ್ಲಿಂದಲೇ ಹುಟ್ಟಿದ ಮಾರ್ಫಿಂಗ್ ಮೆಷೀನ್ಸ್ ಕಂಪನಿಯ ರಂಜನಿ ನಾರಾಯಣ್ ಅವರ ಜೊತೆ ಸೇರಿ ರೀಡಿಫೈನ್ ಅನ್ನುವ ವಿನ್ಯಾಸ ರೂಪಿಸಿತು. 2009ರಲ್ಲಿ ಅದರ ಬಗ್ಗೆ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಬಂಧ ಬಂತು. ಅವರ ದಾರಿ ಸ್ವಲ್ಪ ಬೇರೆ. ಎಫ್‌ಪಿಜಿಎಯಲ್ಲಿ ಒಂದೊಂದು ಬಿಟ್ಟನ್ನೂ ಬದಲಿಸಬೇಕು, ಹಾಗಾಗಿ ಫೈಲ್ ದೊಡ್ಡದು, ಹೊತ್ತು ಹಿಡೀತದೆ. ರೀಡಿಫೈನ್‌ನಲ್ಲಿ ಪುಟ್ಟ ಕೋಷ್ಟಕಗಳ ಬದಲು ಕೂಡು-ಗುಣಿಸು ಮಾಡಬಲ್ಲ ಲೆಕ್ಕದ ಘಟಕಗಳನ್ನೇ ಜಾಲವಾಗಿ ಹೆಣೆದಿದ್ದಾರೆ. ಪ್ರೋಗ್ರಾಮನ್ನು ಹೈಪರ್‌ಆಪ್ ಅನ್ನುವ ತುಂಡುಗಳಾಗಿ ಮಾಡಿ, ಓಡುವ ಹೊತ್ತಿನಲ್ಲೇ ಒಂದೊಂದು ತುಂಡನ್ನೂ ಘಟಕಗಳ ಮೇಲೆ ಕೂರಿಸುವುದು. ಬದಲಿಸಬೇಕಾದ ಮಾಹಿತಿ ಕಡಿಮೆ, ಹಾಗಾಗಿ ಬದಲಾವಣೆ ಬೇಗ. ನಮ್ಮ ಆಟದ ಭಾಷೆಯಲ್ಲಿ ಹೇಳುವುದಾದರೆ, ಪೂರ್ತಿ ಬಣ್ಣ ತೊಳೆದು ಹಚ್ಚುವ ಬದಲು ಕಿರೀಟ ಮಾತ್ರ ಬದಲಿಸಿದ ಹಾಗೆ.

ಮತ್ತೆ ನಮ್ಮ ಫೋನಿಗೆ ಯಾಕಿಲ್ಲ?

ಇಷ್ಟು ಒಳ್ಳೆಯದಾದರೆ ಫೋನಲ್ಲಿ ಯಾಕೆ ಹಾಕುವುದಿಲ್ಲ? ಸಣ್ಣದಾಗಿ ಹಾಕಿದ್ದುಂಟು. 2016ರ ಐಫೋನ್ 7 ಬಿಚ್ಚಿ ನೋಡಿದವರಿಗೆ ಒಳಗೆ ಲ್ಯಾಟಿಸ್ ಕಂಪನಿಯ ಪುಟ್ಟ ಎಫ್‌ಪಿಜಿಎ ಸಿಕ್ಕಿತ್ತು. ಆದರೆ ವಿಡಿಯೋ ಬಿಡಿಸುವಂಥ ದೊಡ್ಡ ಕೆಲಸಕ್ಕೆ ಅಲ್ಲ.

ಕಾರಣ ಬೆಲೆ, ಮತ್ತು ಅದು ಬರೇ ದುಡ್ಡಿನ ಬೆಲೆ ಅಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಇಯಾನ್ ಕುಆನ್ ಮತ್ತು ಜೊನಾಥನ್ ರೋಸ್ 2007ರಲ್ಲಿ ಇದನ್ನು ಅಳೆದು ನೋಡಿದರು. ಬರೇ ಲಾಜಿಕ್ ಇರುವ ಒಂದೇ ಸರ್ಕ್ಯೂಟನ್ನು ಸ್ಥಿರ ಚಿಪ್‌ನಲ್ಲಿ ಮಾಡುವ ಬದಲು ಎಫ್‌ಪಿಜಿಎಯಲ್ಲಿ ಮಾಡಿದರೆ ಸರಾಸರಿ 35 ಪಟ್ಟು ಹೆಚ್ಚು ಜಾಗ, 3ರಿಂದ 4 ಪಟ್ಟು ನಿಧಾನ, 14 ಪಟ್ಟು ಹೆಚ್ಚು ವಿದ್ಯುತ್. ಗುಣಿಸುವ ಸರ್ಕ್ಯೂಟು, ಮೆಮೊರಿಗಳನ್ನು ಎಫ್‌ಪಿಜಿಎಯಲ್ಲೂ ಸಿದ್ಧವಾಗಿಯೇ ಇಟ್ಟರೆ ಅಂತರ ಕಡಿಮೆಯಾಗ್ತದೆ, ಆದರೆ ಮಾಯ ಆಗುವುದಿಲ್ಲ. ಜೇಬಲ್ಲಿರುವ ಬ್ಯಾಟರಿಗೆ ಇದು ತಾಳುವುದಿಲ್ಲ. ಯಾವುದಾಗಿ ಬೇಕಾದರೂ ಬದಲಾಗುವ ಶಕ್ತಿ ಇಟ್ಟುಕೊಳ್ಳಬೇಕಾದರೆ ಬಳಸದ ಕೋಷ್ಟಕ, ಬಳಸದ ತಂತಿ ಎಷ್ಟೋ ಹೊರಬೇಕು.

ಹಾಗಾಗಿ ಕೋಟಿಗಟ್ಟಲೆ ಒಂದೇ ತರದ ಚಿಪ್ ಬೇಕಾದಲ್ಲಿ ಸ್ಥಿರ ಚಿಪ್ ಗೆಲ್ತದೆ. ಕೆಲಸ ಬದಲಾಗ್ತಾ ಇರುವ, ಆದರೆ ನಿಲ್ಲಿಸಲಿಕ್ಕೆ ಆಗದ ಜಾಗದಲ್ಲಿ ಎಫ್‌ಪಿಜಿಎಗೆ ಬೆಲೆ.

ವೈವಾದ ದಿನ

ಕೊನೆಗೆ ವೈವಾ. ಮೂರು ಫಿಲ್ಟರ್ ಬದಲಿಸಿ ತೋರಿಸಿದೆವು. ಹೊರಗಿನಿಂದ ಬಂದ ಪರೀಕ್ಷಕರು ಫಿಲ್ಟರ್ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಪರದೆಯ ಮೂಲೆಯ ಎಣಿಕೆಗೆ ಬೆರಳು ತೋರಿಸಿ "ಇದು ಎಂತ?" ಅಂದರು. ನನಗಿಂತ ಮೊದಲು ರೂಮ್‌ಮೇಟ್ ಬಾಯಿ ಬಿಟ್ಟ: "ಸರ್, ಬೋರ್ಡ್ ಆನ್ ಮಾಡಿದಲ್ಲಿಂದ ಎಷ್ಟು ಸೆಕೆಂಡ್ ಆಯ್ತು ಅಂತ. ಫಿಲ್ಟರ್ ಬದಲಾದ್ರೂ ಅದು ಸೊನ್ನೆಗೆ ಹೋಗ್ಲಿಲ್ಲ ನೋಡಿ." ಅವರು ಮತ್ತೆ ಎರಡು ಸಲ ಬದಲಿಸಲಿಕ್ಕೆ ಹೇಳಿದರು. ಎಣಿಕೆ ತನ್ನ ಪಾಡಿಗೆ ಓಡ್ತಾ ಇತ್ತು. 1,140, 1,141, 1,142. "ಯಾವುದು ನಿಲ್ಲಬಾರದು ಅಂತ ಯೋಚಿಸಿದ್ದೀರಿ, ಸಾಕು" ಅಂದರು.

ಈ ವಿಷಯದಲ್ಲಿ ನಾನು ಕಲಿತದ್ದು ಅಷ್ಟೇ. ಬದಲಾಗುವುದನ್ನು ಬರೆಯುವುದು ಸುಲಭ. ಬದಲಾಗಬಾರದ್ದು ಯಾವುದು, ನಡುವಿನ ಬಾಗಿಲು ಎಲ್ಲಿ, ಬಾಗಿಲು ಮುಚ್ಚಿದಾಗ ಉತ್ತರ ಕೊಡುವವರು ಯಾರು ಅನ್ನುವುದನ್ನು ಮೊದಲೇ ತೀರ್ಮಾನಿಸುವುದು ನಿಜವಾದ ಕೆಲಸ.

ಅವನ ಆಫರ್ ಉಳಿಯಿತು. ಈಗ ಸಾಫ್ಟ್‌ವೇರಲ್ಲಿದ್ದಾನೆ, ಲೋನ್ ತೀರಿಸಿದ. ಹಾರ್ಡ್‌ವೇರ್ ಕಡೆ ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ನಗ್ತಾನೆ, ಅಷ್ಟೆ.

ಕೇಳ್ತಾ ಇರುವವರಲ್ಲಿ ಇಲೆಕ್ಟ್ರಾನಿಕ್ಸ್ ಓದ್ತಿರುವವರಿದ್ದರೆ ಒಂದು ಮಾತು. ಸುರತ್ಕಲ್ ಎನ್‌ಐಟಿಕೆಯಲ್ಲಿ ವಿಎಲ್‌ಎಸ್‌ಐ ವಿನ್ಯಾಸದ ಎಂ.ಟೆಕ್ ಉಂಟು. ಜೈಲಿಂಕ್ಸನ್ನು 2022ರಲ್ಲಿ ಕೊಂಡ ಎಎಂಡಿ, 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ಅಂತ ಹೇಳಿಕೊಂಡು ಬೆಂಗಳೂರಲ್ಲಿ ಹೊಸ ಕ್ಯಾಂಪಸ್ ತೆರೆದಿದೆ. ದಾರಿ ತೀರಾ ದೂರ ಇಲ್ಲ. ಲ್ಯಾಬಲ್ಲಿ ಪೆಟ್ಟಿಗೆಯೊಳಗೆ ಕೂತಿರುವ ಬೋರ್ಡನ್ನು ಸಹಿ ಹಾಕಿ ರೂಮಿಗೆ ತನ್ನಿ. ಮೊದಲು ಒಂದು ಎಲ್‌ಇಡಿ ಮಿಣುಕಿಸಿ. ಆಮೇಲೆ ಅದು ಮಿಣುಕುತ್ತಾ ಇರುವಾಗಲೇ ಪಕ್ಕದ್ದನ್ನು ಬದಲಿಸಿ ನೋಡಿ. ಹ್ಯಾಂಗ್ ಆಗ್ತದೆ, ಖಂಡಿತ ಆಗ್ತದೆ. ಆಗ ತೆರೆ ಹಾಕಿದ್ದೀರಾ ಅಂತ ನೋಡಿ.

ಇನ್ನೊಂದು ರೈಲು ಬಂತು, ಇಲ್ಲಿಗೆ ನಿಲ್ಲಿಸ್ತೇನೆ. ನಿಮ್ಮ ಬೋರ್ಡಿನ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ. ನಮಸ್ಕಾರ.